ಇತಿಹಾಸದ ಉನ್ನತ ವ್ಯಾಸಂಗಕ್ಕೆ ಬೇಸಗೆಯ ಸಿದ್ಧತೆ

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನದಿಂದ ಪದವಿಪೂರ್ವ ತರಗತಿಗಳು ಆರಂಭವಾಗುವ ದಿನದವರೆಗೆ ವಿದ್ಯಾರ್ಥಿಗೆ ಸುಮಾರು ಎಂಟು ವಾರಗಳ ಬಿಡುವು ದೊರೆಯುತ್ತದೆ. ವಿಜ್ಞಾನ ವಿಭಾಗವನ್ನು ಸೇರಬಯಸುವವರು ಈ ಬಿಡುವಿನಲ್ಲಿಯೇ ಗಣಿತದ ಪಾಠಕ್ಕೆ ಹೋಗುತ್ತಾರೆ; ಭೌತಶಾಸ್ತ್ರದ ಪುಸ್ತಕವನ್ನು ಮುಂಚಿತವಾಗಿ ಕೊಂಡು ಓದತೊಡಗುತ್ತಾರೆ. ಕಲಾ ವಿಭಾಗದಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ಮಾತ್ರ ಯಾವ ಸಿದ್ಧತೆಯೂ ಬೇಕಿಲ್ಲವೆಂಬುದು ನಮ್ಮಲ್ಲಿ ಬೇರೂರಿರುವ ಭಾವನೆ. “ಇತಿಹಾಸ ತಾನೆ, ಬಾಯಿಪಾಠ ಮಾಡಿದರಾಯಿತು” ಎಂದು ಹಿರಿಯರೂ ಹೇಳುತ್ತಾರೆ. ಹೀಗೆ ಹಗುರವಾಗಿ ಭಾವಿಸಿ ಬಂದ ವಿದ್ಯಾರ್ಥಿಯು ಕಾಲೇಜಿನ ಮೊದಲ ತಿಂಗಳಿನಲ್ಲಿಯೇ ಹೆಸರುಗಳ ಮತ್ತು ಇಸವಿಗಳ ಭಾರಕ್ಕೆ ಕುಗ್ಗುತ್ತಾನೆ. ವಿಷಯವೇ ನೀರಸವೆಂದು ತೀರ್ಮಾನಿಸಿಬಿಡುತ್ತಾನೆ. ನೀರಸತೆ ಇರುವುದು ವಿಷಯದಲ್ಲಲ್ಲ, ಅದನ್ನು ಪ್ರವೇಶಿಸಿದ ಬಗೆಯಲ್ಲಿ. ಈ ಎಂಟು ವಾರಗಳನ್ನು ಹೇಗೆ ಬಳಸಿಕೊಂಡರೆ ಆ ಪ್ರವೇಶ ಸುಗಮವೂ ಸಾರ್ಥಕವೂ ಆದೀತೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಎರಡು ಹಂತಗಳ ನಡುವಣ ಅಂತರ

ಪ್ರೌಢಶಾಲೆಯ ಇತಿಹಾಸ ಪಾಠವು ಬಹುಮಟ್ಟಿಗೆ ಸಂಗತಿಗಳನ್ನು ತಿಳಿಸುತ್ತದೆ. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ಹಿಮ್ಮೆಟ್ಟಿಸಿದನೆಂಬ ವಾಕ್ಯವನ್ನು ವಿದ್ಯಾರ್ಥಿಯು ಓದುತ್ತಾನೆ. ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾನೆ. ಉನ್ನತ ತರಗತಿಯಲ್ಲಿ ಅದೇ ವಾಕ್ಯವು ಪ್ರಶ್ನೆಯ ರೂಪವನ್ನು ತಾಳುತ್ತದೆ. ಇದನ್ನು ಹೇಳಿದವರು ಯಾರು? ಅವರಿಗೆ ತಿಳಿದ ಬಗೆ ಹೇಗೆ? ಹೀಗೆ ಹೇಳುವುದರಿಂದ ಅವರಿಗೆ ಪ್ರಯೋಜನವಿದ್ದಿತೆ?

ಈ ಸಂಗತಿಯ ಮುಖ್ಯ ಆಧಾರವು ಐಹೊಳೆಯ ಮೇಗುತಿ ಜಿನಾಲಯದ ಶಾಸನ. ಅದನ್ನು ರಚಿಸಿದ ರವಿಕೀರ್ತಿಯು ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಆಶ್ರಯದಾತನ ಗೆಲುವನ್ನು ಆಶ್ರಿತ ಕವಿಯು ಕೊಂಡಾಡುವುದು ಸಹಜವಾದುದರಿಂದ, ಅದೊಂದೇ ಸಾಕ್ಷಿಯಾಗಿದ್ದಲ್ಲಿ ಸಂದೇಹಕ್ಕೆ ಎಡೆಯಿರುತ್ತಿತ್ತು. ಆದರೆ ಚೀನಾದಿಂದ ಬಂದ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಈ ದೊರೆಯ ನಾಡು ಹರ್ಷನಿಗೆ ಮಣಿಯಲಿಲ್ಲವೆಂದು ಬರೆದಿದ್ದಾನೆ. ಆತನು ಹರ್ಷನ ಆದರಾತಿಥ್ಯವನ್ನು ಪಡೆದವನು, ಹರ್ಷನನ್ನು ಮೆಚ್ಚಿದವನು. ಮೆಚ್ಚಿದವನೇ ಮೆಚ್ಚಿನ ದೊರೆಯ ವೈಫಲ್ಯವನ್ನು ಒಪ್ಪಿಕೊಂಡಾಗ ಆ ಮಾತಿನ ತೂಕ ಹೆಚ್ಚುತ್ತದೆ. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಮಾತನ್ನು ನುಡಿದುದರಿಂದ ಸಂಗತಿಯು ದೃಢವಾಯಿತು. ಹಾಗಿದ್ದರೂ ಕಾಳಗವು ನಡೆದ ವರ್ಷದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ.

ಉನ್ನತ ವ್ಯಾಸಂಗದ ತಿರುಳು ಇದೇ. “ಏನು ನಡೆಯಿತು” ಎಂಬುದರ ಜೊತೆಗೆ “ನಡೆಯಿತೆಂದು ಹೇಗೆ ತಿಳಿಯಿತು” ಎಂಬುದನ್ನು ಕೇಳುವ ಅಭ್ಯಾಸವು ಬೇಸಗೆಯಲ್ಲಿ ಮೂಡಿದರೆ, ಪಠ್ಯಪುಸ್ತಕವು ಎಷ್ಟೇ ದೊಡ್ಡದಿದ್ದರೂ ಹೆದರಬೇಕಾಗಿಲ್ಲ.

ಕಾಲದ ಪಟ್ಟಿ

ಸಿದ್ಧತೆಯ ಮೊದಲ ಸಾಧನ ಕಾಲದ ಪಟ್ಟಿ. ಉದ್ದನೆಯ ಕಾಗದದ ಮೇಲೆ ಗೆರೆಯೆಳೆದು ಶತಮಾನಗಳನ್ನು ಸಮಾನ ಅಂತರದಲ್ಲಿ ಗುರುತಿಸಬೇಕು. ಗೆರೆಯ ಮೇಲ್ಭಾಗದಲ್ಲಿ ಕರ್ನಾಟಕದ ಮತ್ತು ಭಾರತದ ಸಂಗತಿಗಳನ್ನೂ ಕೆಳಭಾಗದಲ್ಲಿ ಹೊರಜಗತ್ತಿನ ಸಂಗತಿಗಳನ್ನೂ ಬರೆಯಬೇಕು. ಮೊದಲಿಗೆ ಮೂವತ್ತು ನಲವತ್ತು ಸಂಗತಿಗಳು ಸಾಕು. ಬಿಡಿಬಿಡಿಯಾಗಿ ಕಲಿತ ಪಾಠಗಳು ಈ ಪಟ್ಟಿಯಲ್ಲಿ ಒಂದನ್ನೊಂದು ಸಂಧಿಸುತ್ತವೆ.

ಒಂದು ಉದಾಹರಣೆಯನ್ನು ನೋಡಬಹುದು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವು ಒಂದು ಪಾಠ. ಮೈಸೂರು ಯುದ್ಧಗಳು ಮತ್ತೊಂದು ಪಾಠ. ಇವೆರಡನ್ನೂ ಒಂದೇ ಗೆರೆಯ ಮೇಲೆ ಬರೆದಾಗ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗತನಾದ ಆಂಗ್ಲ ಸೇನಾನಿ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ಲನಾಗಿ ಭಾರತಕ್ಕೆ ಬಂದು, 1792ರಲ್ಲಿ ಟಿಪ್ಪು ಸುಲ್ತಾನನೊಂದಿಗೆ ಶ್ರೀರಂಗಪಟ್ಟಣದ ಒಪ್ಪಂದವನ್ನು ಮಾಡಿಕೊಂಡವನು ಎಂಬುದು ಕಣ್ಣಿಗೆ ಬೀಳುತ್ತದೆ. ಇನ್ನೂ ಮುಂದೆ ಸಾಗಿದರೆ, 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ, 1798ರಲ್ಲಿ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆ, 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನ ಒಂದರ ಹಿಂದೆ ಒಂದಾಗಿ ನಿಲ್ಲುತ್ತವೆ. ನೆಪೋಲಿಯನ್ನನು ಟಿಪ್ಪುವಿಗೆ ಈಜಿಪ್ಟಿನಿಂದ ಪತ್ರ ಬರೆದುದು ಇದೇ 1799ರಲ್ಲಿ. ಕಾವೇರಿಯ ನಡುಗಡ್ಡೆಯ ಕೋಟೆಗೂ ಯೂರೋಪಿನ ರಾಜಕೀಯಕ್ಕೂ ಇದ್ದ ಸಂಬಂಧವನ್ನು ವಿದ್ಯಾರ್ಥಿಯು ತಾನಾಗಿಯೇ ಕಂಡುಕೊಳ್ಳುತ್ತಾನೆ. ಕಂಡುಕೊಂಡುದು ಮರೆಯುವುದಿಲ್ಲ, ಉರುಹೊಡೆದುದು ಮರೆಯುತ್ತದೆ.

ನಮ್ಮ ಶಾಸನಗಳ ಕಾಲವನ್ನು ಅರಿಯಲು ಸ್ವಲ್ಪ ಲೆಕ್ಕವನ್ನೂ ಕಲಿಯಬೇಕು. ಶಾಸನಗಳು ಸಾಮಾನ್ಯವಾಗಿ ಶಕವರ್ಷವನ್ನು ಹೇಳುತ್ತವೆ. ಅದಕ್ಕೆ 78ನ್ನು ಕೂಡಿದರೆ ಕ್ರಿಸ್ತಶಕದ ವರ್ಷವು ದೊರೆಯುತ್ತದೆ. ಶಕವರ್ಷದ ಕೊನೆಯ ತಿಂಗಳುಗಳಾದರೆ 79ನ್ನು ಕೂಡಬೇಕು. ಐಹೊಳೆಯ ಶಾಸನವು ಶಕ 556ರದು. ಆದುದರಿಂದ ಅದು ಕ್ರಿ.ಶ. 634–35ರದು. ಇಷ್ಟನ್ನು ತಿಳಿದವನಿಗೆ ಶಾಸನದ ಕಲ್ಲು ಮೂಕವಾಗಿ ಉಳಿಯುವುದಿಲ್ಲ.

ಭೂಪಟದ ಅಭ್ಯಾಸ

ಕಾಲವು ಇತಿಹಾಸದ ಒಂದು ಕಣ್ಣಾದರೆ ದೇಶವು ಇನ್ನೊಂದು ಕಣ್ಣು. ಪರೀಕ್ಷೆಯಲ್ಲಿ ಭೂಪಟದ ಪ್ರಶ್ನೆಯು ಬರುವುದೆಂಬ ಕಾರಣಕ್ಕಾಗಿ ಮಾತ್ರ ಸ್ಥಳಗಳನ್ನು ಗುರುತಿಸುವವರುಂಟು. ಭೂಪಟದ ನಿಜವಾದ ಉಪಯೋಗವೆಂದರೆ ಅದು “ಏಕೆ” ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿಗಾಗಿ ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ ಮತ್ತೆ ಮತ್ತೆ ಯುದ್ಧಗಳು ನಡೆದವು. ಬಹಮನಿ ರಾಜ್ಯವು ಒಡೆದ ಮೇಲೂ ಕಲಹವು ನಿಲ್ಲಲಿಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು ಬಿಜಾಪುರದ ಆದಿಲಶಾಹಿಯ ವಿರುದ್ಧ. 1565ರ ರಕ್ಕಸತಂಗಡಿಯ ಕಾಳಗವೂ ಇದೇ ಕೃಷ್ಣೆಯ ಆಸುಪಾಸಿನಲ್ಲಿಯೇ ನಡೆಯಿತು. ಇಷ್ಟೊಂದು ರಕ್ತವು ಈ ತುಂಡು ನೆಲಕ್ಕಾಗಿ ಏಕೆ ಹರಿಯಿತು? ಭೂಪಟವನ್ನು ತೆರೆದರೆ ಎರಡು ನದಿಗಳು, ಫಲವತ್ತಾದ ಎರೆಭೂಮಿ, ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳು, ಹಟ್ಟಿಯ ಚಿನ್ನದ ಗಣಿ ಕಾಣುತ್ತವೆ. ಉತ್ತರವು ಅರ್ಧ ದೊರೆತಂತೆಯೇ ಆಯಿತು. ಅಲ್ಲಿಂದ ಪಶ್ಚಿಮಕ್ಕೆ ಬೆರಳು ಸರಿಸಿದರೆ ಭಟ್ಕಳದ ಬಂದರು ಸಿಗುತ್ತದೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಸಮುದ್ರದ ಮೇಲೆ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಬಂದರು ಕೈತಪ್ಪಿದರೆ ಕುದುರೆ ತಪ್ಪುತ್ತದೆ. ಕುದುರೆ ತಪ್ಪಿದರೆ ರಾಜ್ಯವೇ ತಪ್ಪಬಹುದು.

ಪ್ರಪಂಚದ ಇತಿಹಾಸವನ್ನು ಓದುವಾಗಲೂ ಇದೇ ಕ್ರಮವನ್ನು ಅನುಸರಿಸಬಹುದು. ರೋಮ್ ಸಾಮ್ರಾಜ್ಯವು ನಮಗೆ ಬಹು ದೂರದ ವಿಷಯವೆಂದು ತೋರುತ್ತದೆ. ಆದರೆ ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ರೋಮಿನ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯವು ನಮ್ಮ ಬಯಲುಸೀಮೆಯ ಮಣ್ಣಿನಲ್ಲಿ ಹೂತು ಉಳಿಯಬೇಕಾದರೆ ನಡುವೆ ಎಷ್ಟು ಹಡಗುಗಳು, ಎಷ್ಟು ಎತ್ತಿನ ಹೇರುಗಳು ಸಾಗಿರಬೇಕೆಂದು ಯೋಚಿಸಿದವನಿಗೆ ರೋಮಿನ ಪಾಠವು ಪರಕೀಯವೆನಿಸದು.

ಆಧಾರದ ಪರೀಕ್ಷೆ

ಮೂರನೆಯದಾಗಿ, ಕೇಳಿದ ಕಥೆಯನ್ನೂ ದೊರೆತ ಆಧಾರವನ್ನೂ ಎದುರುಬದುರು ಇರಿಸಿ ನೋಡುವ ಅಭ್ಯಾಸವಾಗಬೇಕು. ಬೆಂಗಳೂರಿನ ಹೆಸರಿನ ಕಥೆಯನ್ನು ಎಲ್ಲರೂ ಬಲ್ಲರು. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಉಪಚರಿಸಿದಳೆಂದೂ ಆದುದರಿಂದ ಊರಿಗೆ ಬೆಂದಕಾಳೂರು ಎಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಆದರೆ ಬೇಗೂರಿನಲ್ಲಿರುವ, ಕ್ರಿ.ಶ. 900ರ ಸುಮಾರಿನ ಗಂಗರ ಕಾಲದ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಹೆಸರು ಬಳಕೆಯಲ್ಲಿತ್ತೆಂದ ಮೇಲೆ, ಕಥೆಯು ಹೆಸರಿಗೆ ಕಾರಣವಲ್ಲ. ಹೆಸರೇ ಕಥೆಗೆ ಕಾರಣ.

ಹಾಗೆಂದು ಆಧಾರವೂ ಕೊನೆಯ ಮಾತಲ್ಲ. ಅಶೋಕನ ಶಾಸನಗಳು ಬಹುಕಾಲ “ದೇವಾನಾಂಪ್ರಿಯ”, “ಪ್ರಿಯದರ್ಶಿ” ಎಂಬ ಬಿರುದುಗಳಿಂದ ಮಾತ್ರ ತಿಳಿದಿದ್ದವು. ಆ ದೊರೆಯು ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ನೆರವಿನಿಂದ ಮಾಡಿದ ಊಹೆಯಾಗಿದ್ದಿತು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅನ್ವೇಷಣೆಗೆ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಶಾಸನದಲ್ಲಿ ಬಿರುದಿನೊಡನೆ ಅಶೋಕನ ಹೆಸರೂ ಇದ್ದು, ಊಹೆಯು ಸ್ಥಿರಪಟ್ಟಿತು. ಅಂತೆಯೇ ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವು ಕನ್ನಡದ ಅತ್ಯಂತ ಪ್ರಾಚೀನ ಶಾಸನವೆಂದು ತಲೆಮಾರುಗಳಿಂದ ಕಲಿಸುತ್ತ ಬಂದಿದ್ದೇವೆ. 2013ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ದೊರೆತ ಶಾಸನವು ಅದಕ್ಕಿಂತಲೂ ಹಳೆಯದೆಂದು ಪುರಾತತ್ತ್ವಜ್ಞರು ಅಭಿಪ್ರಾಯಪಟ್ಟಿದ್ದಾರೆ. ಇತಿಹಾಸವು ಮುಗಿದ ಗ್ರಂಥವಲ್ಲವೆಂಬುದನ್ನು ವಿದ್ಯಾರ್ಥಿಯು ಆರಂಭದಲ್ಲಿಯೇ ಅರಿತರೆ ಒಳಿತು.

ಶರಣರ ಇತಿಹಾಸ: ಭಕ್ತಿಯೂ ಪ್ರಶ್ನೆಯೂ

ಶ್ರೀಮಠಗಳ ಆಶ್ರಯದಲ್ಲಿ ಓದಿದ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಶೇಷವಾದ ಪರೀಕ್ಷೆಯಿದೆ. ಬಸವಾದಿ ಶರಣರ ಚರಿತ್ರೆಯನ್ನು ಅವರು ಮನೆಯಲ್ಲಿ, ಪ್ರವಚನಗಳಲ್ಲಿ, ಜಯಂತಿಯ ಉತ್ಸವಗಳಲ್ಲಿ ಭಕ್ತಿಯಿಂದ ಕೇಳುತ್ತ ಬೆಳೆದಿರುತ್ತಾರೆ. ಉನ್ನತ ತರಗತಿಯಲ್ಲಿ ಅದೇ ಚರಿತ್ರೆಯ ಬಗ್ಗೆ ಭಿನ್ನಾಭಿಪ್ರಾಯಗಳು ಎದುರಾದಾಗ ಕೆಲವರು ನೊಂದುಕೊಳ್ಳುತ್ತಾರೆ, ಕೆಲವರು ಸಿಟ್ಟಾಗುತ್ತಾರೆ, ಮತ್ತೆ ಕೆಲವರು ಕೇಳಿದುದೆಲ್ಲ ಕಟ್ಟುಕಥೆಯೆಂದು ಬದಿಗೆ ತಳ್ಳುತ್ತಾರೆ. ಈ ಮೂರೂ ಸರಿಯಾದ ಮಾರ್ಗಗಳಲ್ಲ.

ಇಲ್ಲಿಯೂ ಆಧಾರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಬೇಕು. ಬಸವಣ್ಣನವರದು 12ನೆಯ ಶತಮಾನ. ಕಲಚುರಿ ಬಿಜ್ಜಳನು ಕಲ್ಯಾಣದಲ್ಲಿ ಆಳಿದ ಕಾಲ. ಅವರ ಕಾಲಕ್ಕೆ ಸಮೀಪವಾದ ಕಾವ್ಯವೆಂದರೆ ಹರಿಹರನ ಬಸವರಾಜದೇವರ ರಗಳೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನವು 1260ರದು. ಬಸವಣ್ಣನವರ ಮತ್ತು ಅವರ ಮನೆತನದ ಉಲ್ಲೇಖ ಅದರಲ್ಲಿ ಇರುವುದರಿಂದ ಅದು ಬಹು ಬೆಲೆಯುಳ್ಳದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು 13ನೆಯ ಶತಮಾನದ್ದು. ಭೀಮಕವಿಯ ಕನ್ನಡ ಬಸವಪುರಾಣವು 1369ರದು. ಶೂನ್ಯಸಂಪಾದನೆಗಳು 15ನೆಯ ಶತಮಾನದಿಂದೀಚೆಗೆ ಸಿದ್ಧವಾದವು. ಇಂದು ದೊರೆಯುವ ವಚನಗಳ ತಾಡೋಲೆಗಳೂ ಬಹುಪಾಲು ಆ ಕಾಲದ ಮತ್ತು ಅದರಿಂದ ಈಚಿನ ಪ್ರತಿಗಳೇ.

ಈ ಪಟ್ಟಿಯಿಂದ ತಿಳಿಯುವುದೇನು? ಒಂದೊಂದು ಕೃತಿಯೂ ಒಂದೊಂದು ಬಗೆಯ ಸಾಕ್ಷಿ. ರಗಳೆಯು ಭಕ್ತಕವಿಯ ಕಾವ್ಯ, ದಿನಚರಿಯಲ್ಲ. ಶೂನ್ಯಸಂಪಾದನೆಯ ಸಂವಾದಗಳನ್ನು ಅನುಭವ ಮಂಟಪದಲ್ಲಿ ಕುಳಿತು ಬರೆದುಕೊಂಡ ವರದಿಯೆಂದು ಓದಲಾಗದು. ಸುಮಾರು ಮೂರು ಶತಮಾನಗಳ ತರುವಾಯ ವಚನಗಳನ್ನು ಸಂವಾದದ ರೂಪಕ್ಕೆ ಹೊಂದಿಸಿದ ಮಹತ್ಕೃತಿ ಅದು. ಆದರೆ 15ನೆಯ ಶತಮಾನದ ವಿರಕ್ತರು ತಮ್ಮ ಪೂರ್ವಿಕರನ್ನು ಹೇಗೆ ಅರ್ಥಮಾಡಿಕೊಂಡರೆಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿಯು ಅಪರೂಪ. ಹೀಗೆ ತೂಗಿ ನೋಡಿದಾಗ ಯಾವ ಗ್ರಂಥದ ಗೌರವವೂ ಕುಂದುವುದಿಲ್ಲ; ಪ್ರತಿಯೊಂದಕ್ಕೂ ಅದರ ಸ್ಥಾನವು ನಿಶ್ಚಯವಾಗುತ್ತದೆ.

ಈ ಶ್ರಮದ ಹಿಂದೆ ಭಕ್ತಿಯೇ ಇದ್ದಿತೆಂಬುದಕ್ಕೆ ಫ. ಗು. ಹಳಕಟ್ಟಿಯವರ ಬಾಳೇ ನಿದರ್ಶನ. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳಲ್ಲಿ ಉಳಿದಿದ್ದ ತಾಡೋಲೆಗಳನ್ನು ಸಂಗ್ರಹಿಸಿ, ಓದಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇಂದು ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ನಮ್ಮ ಕೈಗೆ ದೊರೆಯುತ್ತಿರುವುದು ಅವರ ಮತ್ತು ಅವರ ಹಾದಿಯಲ್ಲಿ ನಡೆದ ವಿದ್ವಾಂಸರ ಪರಿಶ್ರಮದ ಫಲ. ಯಾವ ಪಾಠವು ಶುದ್ಧ, ಯಾವ ವಚನವು ಯಾರದು ಎಂಬ ಪ್ರಶ್ನೆಗಳನ್ನು ಅವರು ಕೇಳದೆ ಇದ್ದಲ್ಲಿ ನಮಗೆ ವಚನಗಳೇ ದಕ್ಕುತ್ತಿರಲಿಲ್ಲ.

ಊರಿನಲ್ಲಿಯೇ ಇರುವ ಪಾಠ

ನಾಲ್ಕನೆಯ ಅಭ್ಯಾಸಕ್ಕೆ ಹಣವಾಗಲಿ ಪುಸ್ತಕವಾಗಲಿ ಬೇಕಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಲ್ಲನ್ನಾದರೂ ಈ ಬೇಸಗೆಯಲ್ಲಿ ಅಭ್ಯಾಸ ಮಾಡಬೇಕು. ಗುಡಿಯ ಬಳಿ, ಕೆರೆಯ ಏರಿಯ ಮೇಲೆ, ಅಗಸೆಯ ಪಕ್ಕದಲ್ಲಿ ವೀರಗಲ್ಲೋ ಮಾಸ್ತಿಗಲ್ಲೋ ಶಾಸನದ ಕಲ್ಲೋ ಇರದ ಊರು ನಮ್ಮ ನಾಡಿನಲ್ಲಿ ವಿರಳ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಕೈಲಾಸ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೋಳಿನಲ್ಲಿ ಮಡಿದವನ ನೆನಪು. ಕಲ್ಲಿನ ಎತ್ತರ ಅಗಲಗಳನ್ನು ಅಳೆದು, ಚಿತ್ರವನ್ನು ಬರೆದುಕೊಂಡು, ಈಗ ಎಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ದಾಖಲಿಸಬೇಕು. ಅಕ್ಷರಗಳಿದ್ದರೆ ಹರಿತವಾದ ವಸ್ತುವಿನಿಂದ ಕೆರೆಯಕೂಡದು. ಮುಂಜಾನೆಯ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ, ನಡುಹಗಲಿನಲ್ಲಿ ಕಾಣದ ಅಕ್ಷರಗಳೂ ನೆರಳಿನಿಂದ ಎದ್ದು ತೋರುತ್ತವೆ. ಆ ಹೊತ್ತಿನಲ್ಲಿಯೇ ಛಾಯಾಚಿತ್ರವನ್ನು ತೆಗೆಯಬೇಕು. ಆ ಶಾಸನವು ಪ್ರಕಟವಾಗಿದೆಯೇ ಎಂಬುದನ್ನು ಗ್ರಂಥಾಲಯದಲ್ಲಿ ಹುಡುಕಬಹುದು. ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಿಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಪ್ರಕಟಿಸಿದರು. ಮುಂಬಯಿ ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ಬಂದಿವೆ.

ಕಲ್ಲಿನಂತೆಯೇ ಹಿರಿಯರ ನೆನಪೂ ಒಂದು ಆಧಾರ. ಅಜ್ಜ ಅಜ್ಜಿಯರಿಗೆ ಇಸವಿಗಳು ನೆನಪಿರಲಾರವು. “ಕೊಯ್ನಾ ಭೂಕಂಪಕ್ಕಿಂತ ಮೊದಲೋ ಆಮೇಲೋ” ಎಂದು ಕೇಳಿದರೆ 1967ರ ಡಿಸೆಂಬರ್ ತಿಂಗಳಿನ ಗೆರೆ ಸಿಗುತ್ತದೆ. “ದೊಡ್ಡ ಬರಗಾಲದಲ್ಲೋ” ಎಂದರೆ 1972ರ ಗೆರೆ ಸಿಗುತ್ತದೆ. ಇಬ್ಬರು ಹಿರಿಯರು ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಹೇಳಿದಲ್ಲಿ ಎರಡನ್ನೂ ಬರೆದುಕೊಳ್ಳಬೇಕು. ರವಿಕೀರ್ತಿ ಮತ್ತು ಹ್ಯೂಯೆನ್‌ತ್ಸಾಂಗರನ್ನು ಹೋಲಿಸುವ ವಿದ್ಯೆಯನ್ನು ಹೀಗೆ ಮನೆಯ ಜಗಲಿಯ ಮೇಲೆಯೇ ಕಲಿಯಬಹುದು.

ವಾರಗಳ ಹಂಚಿಕೆ

ಮೊದಲ ಎರಡು ವಾರಗಳನ್ನು ಕಾಲದ ಪಟ್ಟಿ ಮತ್ತು ಭೂಪಟಗಳಿಗೆ ಮೀಸಲಿಡಬಹುದು. ಮುಂದಿನ ಮೂರು ವಾರಗಳಲ್ಲಿ ಒಂದೇ ಒಂದು ಒಳ್ಳೆಯ ಗ್ರಂಥವನ್ನು ದಿನಕ್ಕೆ ಹದಿನೈದು ಪುಟಗಳಂತೆ ಓದಬೇಕು. ಆಂಗ್ಲ ಭಾಷೆಯನ್ನು ಬಲ್ಲವರು ಜವಾಹರಲಾಲ್ ನೆಹರೂ ಅವರು ಸೆರೆಮನೆಯಿಂದ ಮಗಳಿಗೆ ಬರೆದ ಪತ್ರಗಳ ಸಂಗ್ರಹವಾದ ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿಯ ಆಯ್ದ ಭಾಗಗಳನ್ನು ಓದಬಹುದು. ಉಳಿದವರು ಆಲೂರ ವೆಂಕಟರಾಯರ ಕರ್ನಾಟಕ ಗತವೈಭವವನ್ನು ಓದಬಹುದು. ಓದುವಾಗ, ಇದು ಯಾವಾಗ, ಯಾರಿಗಾಗಿ, ಯಾವ ಉದ್ದೇಶದಿಂದ ಬರೆಯಲ್ಪಟ್ಟಿತು ಎಂಬುದನ್ನು ಮರೆಯಬಾರದು. 1917ರಲ್ಲಿ, ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ಜನರನ್ನು ಎಚ್ಚರಿಸಲು ಬರೆದ ಗ್ರಂಥಕ್ಕೂ, 1956ರ ಏಕೀಕರಣದ ತರುವಾಯ ಬರೆದ ಗ್ರಂಥಕ್ಕೂ ಧ್ವನಿಯು ಬೇರೆಯಾಗಿರುವುದು ಸ್ವಾಭಾವಿಕ.

ಆರನೆಯ ಮತ್ತು ಏಳನೆಯ ವಾರಗಳು ಊರಿನ ಅಭ್ಯಾಸಕ್ಕೆ. ಕೊನೆಯ ವಾರವು ಬರಹಕ್ಕೆ. ಉನ್ನತ ತರಗತಿಯಲ್ಲಿ ದೀರ್ಘ ಉತ್ತರಗಳನ್ನು ಬರೆಯಬೇಕಾಗುವುದರಿಂದ, ಒಂದು ಪ್ರಶ್ನೆ, ಅದಕ್ಕೆ ನೇರವಾದ ಉತ್ತರ, ಉತ್ತರವನ್ನು ಸಮರ್ಥಿಸುವ ಮೂರು ಆಧಾರಗಳು, ಅದಕ್ಕೆ ವಿರುದ್ಧವಾಗಿ ಹೇಳಬಹುದಾದ ಒಂದು ಮಾತು, ಕೊನೆಗೆ ತೀರ್ಮಾನ ಎಂಬ ಕ್ರಮದಲ್ಲಿ ಎರಡು ಪುಟಗಳ ನಾಲ್ಕೈದು ಪ್ರಬಂಧಗಳನ್ನು ಬರೆದು ಶಿಕ್ಷಕರಿಗೆ ತೋರಿಸಬೇಕು. ದಿನಕ್ಕೆ ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಬೇಕಾಗಿಲ್ಲ. ಹೊಲದ ಕೆಲಸ, ಮನೆಯ ಕೆಲಸ, ಆಟಪಾಟಗಳಿಗೆ ಇದರಿಂದ ಯಾವ ಅಡ್ಡಿಯೂ ಉಂಟಾಗದು.

ಉಪಸಂಹಾರ

ಈ ಸಿದ್ಧತೆಯು ಅಂಕಗಳಿಗೆ ನೆರವಾಗುವುದು ನಿಶ್ಚಯ. ಆದರೆ ಅದರ ಪ್ರಯೋಜನವು ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಮಠಗಳ ಭಂಡಾರಗಳಲ್ಲಿ ತಾಡೋಲೆಗಳಿವೆ, ಊರೂರುಗಳಲ್ಲಿ ಶಾಸನಗಳಿವೆ. ಇವುಗಳ ಹಳೆಯ ಲಿಪಿಯನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ರಸ್ತೆ ಅಗಲವಾಗುವಾಗ ವೀರಗಲ್ಲು ಅಡಿಪಾಯಕ್ಕೆ ಸೇರುತ್ತದೆ. ಮನೆ ಕಟ್ಟುವಾಗ ಶಾಸನವು ಮೆಟ್ಟಿಲಾಗುತ್ತದೆ. ಕಲ್ಲು ಒಮ್ಮೆ ಒಡೆದುಹೋದರೆ ಅದು ಹೇಳಬೇಕಾಗಿದ್ದ ಸಾಕ್ಷಿಯನ್ನು ಮತ್ತಾರೂ ಹೇಳಲಾರರು. ಇವುಗಳನ್ನು ಓದಿ ಉಳಿಸುವವರು ಮುಂದೆ ಬರಬೇಕಾದುದು, ಬೇರೆ ವಿಭಾಗದಲ್ಲಿ ಎಡೆ ಸಿಗದೆ ಬಂದವರೆಂದು ಇಂದು ನಾವು ಹಗುರವಾಗಿ ಕಾಣುತ್ತಿರುವ ಇತಿಹಾಸದ ವಿದ್ಯಾರ್ಥಿಗಳ ನಡುವಿನಿಂದಲೇ. ಅವರನ್ನು ಆದರದಿಂದ ಕಂಡು, ಈ ಬೇಸಗೆಯಲ್ಲಿ ಅವರ ಕೈಗೆ ಒಂದು ಭೂಪಟವನ್ನೂ ಒಂದು ಟಿಪ್ಪಣಿ ಪುಸ್ತಕವನ್ನೂ ಕೊಟ್ಟು, ಊರಿನ ಕಲ್ಲಿನ ಬಳಿಗೆ ಕರೆದೊಯ್ಯುವುದು ಹಿರಿಯರಾದ ನಮ್ಮೆಲ್ಲರ ಕರ್ತವ್ಯವಾಗಿದೆ.